ಗೊಣ್ಣೆ ಹುಳುವಿಗೆ ಹಸಿರು ಬೂಷ್ಟು: ಮಣ್ಣಿನ ಶಿಲೀಂಧ್ರ ಗೆಲ್ಲುವುದೆಲ್ಲಿ, ಸೋಲುವುದೆಲ್ಲಿ?

ಉತ್ತರ ಕರ್ನಾಟಕದ ಕಬ್ಬಿನ ಸೀಮೆಯಲ್ಲಿ ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಹೊಲದ ನಡುನಡುವೆ ಅಲ್ಲಲ್ಲಿ ಕಬ್ಬು ಹಳದಿ ತಿರುಗಿ ಒಣಗತೊಡಗುತ್ತದೆ. ನೀರಿಗೆ ಕೊರತೆ ಇರುವುದಿಲ್ಲ, ಗೊಬ್ಬರವೂ ಬಿದ್ದಿರುತ್ತದೆ. ಹಿಡಿದು ಎಳೆದರೆ ಇಡೀ ಬುಡ ಸಲೀಸಾಗಿ ಕೈಗೆ ಬರುತ್ತದೆ. ಬೇರುಗಳೇ ಉಳಿದಿರುವುದಿಲ್ಲ. ಮಣ್ಣು ಕೆದಕಿದರೆ ಬಾಗಿ ಮುದುಡಿಕೊಂಡ, ಕಂದು ತಲೆಯ ದಪ್ಪ ಬಿಳಿ ಹುಳುಗಳು. ಇದು ಗೊಣ್ಣೆ ಹುಳು. ಇದರ ದಾಯಾದಿಗಳೇ ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೇರು ಹುಳು ಎನಿಸಿಕೊಂಡು ಇನ್ನೂ ನಿಧಾನವಾಗಿ ಕೆಲಸ ಮಾಡುತ್ತವೆ. ಅಲ್ಲಿ ಮರ ಒಮ್ಮೆಲೇ ಸಾಯುವುದಿಲ್ಲ. ಸೋಗೆ ಹಳದಿಯಾಗಿ, ತುದಿ ಸಣ್ಣಗಾಗಿ, ಕಾಯಿ ಉದುರಿ, ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಗೊಬ್ಬರ ಸಾಲದೇನೋ ಎಂದುಕೊಂಡು ಎರಡು ವರ್ಷ ಕಳೆದವರೂ ಇದ್ದಾರೆ.

ಈ ಹುಳುಗಳಿಗೆ ದಶಕಗಳ ಕಾಲ ರೈತರ ಕೈಯಲ್ಲಿದ್ದ ಉತ್ತರ ಫೋರೇಟ್. ಹಳ್ಳಿಗಳಲ್ಲಿ ಥಿಮೆಟ್ ಎಂದೇ ಪರಿಚಿತವಾದ, ಮೂಗಿಗೆ ಬಡಿಯುವ ವಾಸನೆಯ ಹರಳು. ಬುಡಕ್ಕೆ ಹಾಕಿ ಮಣ್ಣು ಮುಚ್ಚಿದರೆ ಕೆಲಸ ಮುಗಿಯಿತು. ಅದು ಅತ್ಯಂತ ತೀಕ್ಷ್ಣ ವಿಷ. ಬರಿಗೈಯಲ್ಲಿ ಎರಚಿದವರ ಆರೋಗ್ಯ, ಎರೆಹುಳು, ಹೊಲದ ಹಕ್ಕಿಗಳು ಎಲ್ಲವೂ ಅದರ ಲೆಕ್ಕಕ್ಕೆ ಸೇರಿದ್ದವು. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದ ಪ್ರಕಾರ 2020ರ ಡಿಸೆಂಬರ್ 31ಕ್ಕೆ ಅದರ ಬಳಕೆ ಕೊನೆಗೊಳ್ಳಬೇಕಾಯಿತು. ನಿಷೇಧ ಆಗಲೇಬೇಕಿತ್ತು. ಆದರೆ ಅದು ತೆರವು ಮಾಡಿದ ಜಾಗವನ್ನು ಯಾವುದು ತುಂಬಬೇಕು ಎಂಬ ಬಗ್ಗೆ ಯಾರೂ ರೈತನ ಜೊತೆ ಕೂತು ಮಾತಾಡಲಿಲ್ಲ. ಒಂದಷ್ಟು ಜನ ಬೇರೆ ರಾಸಾಯನಿಕಗಳಿಗೆ ಹೋದರು. ಇನ್ನೊಂದಷ್ಟು ಜನರ ಕೈಗೆ ಕೃಷಿ ಅಧಿಕಾರಿಯೋ ಗೊಬ್ಬರದ ಅಂಗಡಿಯವನೋ ಒಂದು ಪುಡಿಯ ಪೊಟ್ಟಣ ಕೊಟ್ಟರು: ಮೆಟಾರೈಜಿಯಂ.

ಈ ಪೊಟ್ಟಣದ ಬಗ್ಗೆ ಹಳ್ಳಿಗಳಲ್ಲಿ ಎರಡು ಮಾತು ಕೇಳಿಬರುತ್ತವೆ. 'ಹುಳು ಹಸಿರಾಗಿ ಸತ್ತು ಬಿದ್ದಿದ್ದವು' ಎನ್ನುವವರು ಕೆಲವರು. 'ದುಡ್ಡು ದಂಡ, ಏನೂ ಆಗಲಿಲ್ಲ' ಎನ್ನುವವರು ಹೆಚ್ಚು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಪೊಟ್ಟಣದಲ್ಲಿರುವುದು ಜೀವಂತ ಶಿಲೀಂಧ್ರ. ಆದರೆ ನಾವು ಅದನ್ನು ತಯಾರಿಸುವುದು, ಸಾಗಿಸುವುದು, ಮಾರುವುದು, ಹಾಕುವುದು ಎಲ್ಲವೂ ಥಿಮೆಟ್ ಹರಳಿನ ಅಭ್ಯಾಸದಲ್ಲೇ. ಬಹುಪಾಲು ಸೋಲಿನ ಬೇರು ಅಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಳುವಿನ ಚರ್ಮದ ಮೇಲೆ ಏನಾಗುತ್ತದೆ

ಮೊದಲು ಶಿಲೀಂಧ್ರ ಕೊಲ್ಲುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಬಳಕೆಯ ನಿಯಮಗಳೆಲ್ಲ ಅದರಿಂದಲೇ ಹುಟ್ಟುತ್ತವೆ.

ಬ್ಯಾಕ್ಟೀರಿಯಾ ಅಥವಾ ವೈರಸ್ ಆಧಾರಿತ ಕೀಟನಾಶಕವನ್ನು ಹುಳು ತಿನ್ನಬೇಕು. ಶಿಲೀಂಧ್ರಕ್ಕೆ ಆ ಅಗತ್ಯವಿಲ್ಲ, ಮೈಗೆ ತಗುಲಿದರೆ ಸಾಕು. ಮೆಟಾರೈಜಿಯಂನ ಬೀಜಾಣು, ಅಂದರೆ ಅದರ ಬೀಜದಂಥ ಸೂಕ್ಷ್ಮ ಕಣ, ಹುಳುವಿನ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ತೇವ ಸಿಕ್ಕರೆ ಒಂದು ದಿನದೊಳಗೆ ಮೊಳೆಯುತ್ತದೆ. ಮೊಳಕೆಯ ತುದಿ ಉಬ್ಬಿ ಚರ್ಮದ ಮೇಲೆ ಬಿಗಿಯಾಗಿ ಕೂರುತ್ತದೆ. ಅಲ್ಲಿಂದ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಒಂದು ಕಡೆ ಚರ್ಮದ ಪ್ರೋಟೀನು ಮತ್ತು ಕೈಟಿನ್ ಎಂಬ ಗಟ್ಟಿ ಪದಾರ್ಥವನ್ನು ಕರಗಿಸುವ ಕಿಣ್ವಗಳು, ಇನ್ನೊಂದು ಕಡೆ ಬರಿಯ ಒತ್ತಡ. ಚರ್ಮ ದಾಟಿದ ಮೇಲೆ ಹುಳುವಿನ ರಕ್ತದಲ್ಲಿ ಶಿಲೀಂಧ್ರ ಸಣ್ಣ ಸಣ್ಣ ಕಣಗಳಾಗಿ ಹರಡಿ ಆಹಾರ ಕಸಿಯುತ್ತದೆ, ಡೆಸ್ಟ್ರಕ್ಸಿನ್ ಎಂಬ ವಿಷಗಳನ್ನು ಬಿಡುತ್ತದೆ. ಎಳೆಯ ಹುಳು ವಾರ ಹತ್ತು ದಿನಗಳಲ್ಲಿ ಸಾಯುತ್ತದೆ. ಬಲಿತ ಗೊಣ್ಣೆ ಹುಳುವಿಗೆ ಕೆಲವು ವಾರಗಳೇ ಬೇಕು.

ಸತ್ತ ಹುಳುವನ್ನು ಗುರುತಿಸುವುದು ಕಷ್ಟವಲ್ಲ. ಮೈ ಗಟ್ಟಿಯಾಗಿ, ಒಣಗಿದ ಹಾಗೆ ಇರುತ್ತದೆ, ಒತ್ತಿದರೆ ಒಡೆಯುವುದಿಲ್ಲ. ಮಣ್ಣಿನಲ್ಲಿ ತೇವವಿದ್ದರೆ ಎರಡು ಮೂರು ದಿನಗಳಲ್ಲಿ ಮೈಯ ಮಡಿಕೆಗಳಿಂದ ಬಿಳಿ ಬೂಷ್ಟು ಹೊರಬಂದು, ಆಮೇಲೆ ಅದೇ ಬೂಷ್ಟು ಕಡು ಹಸಿರು ಪುಡಿಯಾಗುತ್ತದೆ. ಆ ಪುಡಿಯೆಂದರೆ ಕೋಟಿಗಟ್ಟಲೆ ಹೊಸ ಬೀಜಾಣುಗಳು, ಮುಂದಿನ ಹುಳುವಿಗಾಗಿ. ಕಪ್ಪಾಗಿ, ಮೆತ್ತಗಾಗಿ, ನಾರುತ್ತಿದ್ದರೆ ಅದು ಬೇರೆ ಕಾರಣದಿಂದ ಸತ್ತದ್ದು. ಶಿಲೀಂಧ್ರ ಹಾಕಿದ ರೈತ ಒಂದು ತಿಂಗಳ ನಂತರ ನಾಲ್ಕಾರು ಕಡೆ ಅಗೆದು ಈ ಹಸಿರು ಹುಳುಗಳನ್ನು ಹುಡುಕಲೇಬೇಕು. ಕಬ್ಬಿನ ಗರಿ ನೋಡಿ ತೀರ್ಮಾನ ಮಾಡಲಾಗದು.

ಇದಿಷ್ಟರಲ್ಲೇ ಮೂರು ಸಂಗತಿ ಸ್ಪಷ್ಟವಾಗುತ್ತವೆ. ತೇವವಿಲ್ಲದೆ ಬೀಜಾಣು ಮೊಳೆಯದು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಸಿಕ್ಕ ಬೀಜಾಣು ಕೆಲವು ಗಂಟೆಗಳಲ್ಲೇ ಸಾಯುತ್ತದೆ. 25ರಿಂದ 28 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ, 35 ದಾಟಿದರೆ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ನೆರಳು, ತೇವ, ಹದವಾದ ತಂಪು ಮೂರೂ ಒಟ್ಟಿಗೆ ಸಿಗುವ ಜಾಗ ಮಣ್ಣಿನ ಒಳಗೆ, ಬೇರಿನ ಸುತ್ತ. ಅದೇ ಅದರ ಹುಟ್ಟೂರು ಕೂಡ. ಎಲೆಯ ಮೇಲಿನ ಕೀಟಕ್ಕಿಂತ ಮಣ್ಣೊಳಗಿನ ಕೀಟಕ್ಕೆ ಇದು ಹೆಚ್ಚು ಒಗ್ಗುವುದು ಇದಕ್ಕಾಗಿ.

ಇನ್ನೊಂದು ವಿಷಯ ನನಗೆ ತುಂಬ ಹಿಡಿಸಿದ್ದು. ಕೆನಡಾದ ಬ್ರಾಕ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟಂತೆ, ಮೆಟಾರೈಜಿಯಂ ತಾನು ಕೊಂದ ಕೀಟದ ದೇಹದಲ್ಲಿನ ಸಾರಜನಕವನ್ನು ಗಿಡದ ಬೇರಿಗೆ ಸಾಗಿಸಬಲ್ಲದು. ಹುರುಳಿಕಾಯಿ ಗಿಡ ಮತ್ತು ಒಂದು ಬಗೆಯ ಹುಲ್ಲಿನ ಮೇಲೆ ನಡೆದ ಪ್ರಯೋಗವದು. ಶಿಲೀಂಧ್ರ ಬೇರಿನ ಜೊತೆ ಬದುಕುತ್ತದೆ, ಬೇರಿನಿಂದ ಸಕ್ಕರೆ ಪಡೆಯುತ್ತದೆ, ಬೇರು ತಿನ್ನಲು ಬಂದವನನ್ನು ಕೊಂದು ಅವನ ಸಾರವನ್ನು ಬೇರಿಗೇ ಕೊಡುತ್ತದೆ. ಇಷ್ಟು ಹತ್ತಿರದ ನಂಟನ್ನು 'ಕೀಟನಾಶಕ' ಎಂಬ ಚೀಟಿ ಅಂಟಿಸಿ ಮುಗಿಸುವುದು ನ್ಯಾಯವಲ್ಲ.

ಹಳೆಯ ವಿದ್ಯೆ

ಇದು ನಿನ್ನೆ ಮೊನ್ನೆಯ ಶೋಧವೂ ಅಲ್ಲ. 1879ರಲ್ಲಿ ಒಡೆಸ್ಸಾದಲ್ಲಿದ್ದ ಇಲ್ಯಾ ಮೆಚ್ನಿಕಾಫ್, ಗೋಧಿ ಬೆಳೆ ಹಾಳುಮಾಡುತ್ತಿದ್ದ ಒಂದು ದುಂಬಿಯ ಹುಳುಗಳ ಮೇಲೆ ಈ ಹಸಿರು ಬೂಷ್ಟನ್ನು ಕಂಡು, ಇದನ್ನು ಬೆಳೆಸಿ ಹೊಲಕ್ಕೆ ಹಾಕಬಹುದಲ್ಲ ಎಂದು ಯೋಚಿಸಿದರು. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುವುದನ್ನು ವಿವರಿಸಿ 1908ರಲ್ಲಿ ನೊಬೆಲ್ ಪಡೆದ ಅದೇ ಮೆಚ್ನಿಕಾಫ್. ಕೆಲವೇ ವರ್ಷಗಳಲ್ಲಿ ಇಂದಿನ ಉಕ್ರೇನಿನ ಸ್ಮೆಲಾ ಎಂಬಲ್ಲಿ, ಸಕ್ಕರೆ ಬೀಟ್‌ನ ಮೂತಿ ಹುಳುವಿನ ವಿರುದ್ಧ ಶಿಲೀಂಧ್ರ ಬೆಳೆಸುವ ಒಂದು ಘಟಕವೇ ಶುರುವಾಯಿತು. ರಾಸಾಯನಿಕ ಕೀಟನಾಶಕಗಳ ಯುಗಕ್ಕಿಂತ ಅರ್ಧ ಶತಮಾನ ಮೊದಲು.

ಅದಕ್ಕೂ ಹಿಂದಿನ ಕಥೆ ಕರ್ನಾಟಕದ ಮಟ್ಟಿಗೆ ಇನ್ನೂ ಮುಖ್ಯ. ಇಟಲಿಯ ಅಗಸ್ಟಿನೊ ಬಾಸಿ 1835ರಲ್ಲಿ, ರೇಷ್ಮೆ ಹುಳುಗಳನ್ನು ಬಿಳಿ ಸುಣ್ಣ ಬಳಿದಂತೆ ಮಾಡಿ ಕೊಲ್ಲುತ್ತಿದ್ದ ರೋಗಕ್ಕೆ ಒಂದು ಶಿಲೀಂಧ್ರ ಕಾರಣ, ಅದು ಹುಳುವಿನಿಂದ ಹುಳುವಿಗೆ ಅಂಟುತ್ತದೆ ಎಂದು ಸಾಧಿಸಿ ತೋರಿಸಿದರು. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿ ಕಾರಣವೆಂದು ಪ್ರಯೋಗದಿಂದ ಸಿದ್ಧಪಡಿಸಿದ್ದು ಅದೇ ಮೊದಲು, ಪಾಶ್ಚರ್ ಮತ್ತು ಕಾಕ್‌ಗಿಂತ ಮುಂಚೆ. ಆ ಶಿಲೀಂಧ್ರಕ್ಕೆ ಬಾಸಿಯ ಹೆಸರೇ ಉಳಿಯಿತು: ಬ್ಯುವೇರಿಯಾ ಬ್ಯಾಸಿಯಾನ. ರಾಮನಗರ, ಶಿಡ್ಲಘಟ್ಟ, ಕೋಲಾರದ ರೇಷ್ಮೆ ಬೆಳೆಗಾರರಿಗೆ ಇದು ಸುಣ್ಣಕಟ್ಟು ರೋಗವಾಗಿ ಚಿರಪರಿಚಿತ. ಮಳೆ, ಚಳಿ, ಶೀತ ಹೆಚ್ಚಿದ ದಿನಗಳಲ್ಲಿ ಮನೆಯಲ್ಲಿ ಒಂದು ಹುಳು ಸುಣ್ಣಕಟ್ಟಿದರೆ ಬೆಳೆಗಾರನ ಎದೆ ಧಸಕ್ಕೆನ್ನುತ್ತದೆ.

ಈಗ ಅದೇ ಶಿಲೀಂಧ್ರವನ್ನು ತರಕಾರಿ, ಜೋಳ, ಕಾಫಿಗೆ ಸಿಂಪಡಿಸಲು ಪೊಟ್ಟಣದಲ್ಲಿ ಮಾರಲಾಗುತ್ತಿದೆ. ಕಾಫಿ ತೋಟದಲ್ಲಿ ಕಾಯಿಕೊರಕದ ವಿರುದ್ಧ ಅದು ಒಳ್ಳೆಯ ಸಾಧನ, ಸಂದೇಹವಿಲ್ಲ. ಆದರೆ ಹಿಪ್ಪುನೇರಳೆ ತೋಟದ ಬದುವಿನ ಆಚೆ ಟೊಮೆಟೊಗೆ ಅದನ್ನು ಸಿಂಪಡಿಸಿದರೆ, ಗಾಳಿಯಲ್ಲಿ ತೇಲಿದ ಬೀಜಾಣು ಸೊಪ್ಪಿನ ಮೇಲೆ ಕೂತು ಹುಳು ಮನೆಗೆ ಬರುತ್ತದೆ. ಮೆಟಾರೈಜಿಯಂ ಕೂಡ ರೇಷ್ಮೆ ಹುಳುವಿಗೆ ಸಾಧುವಲ್ಲ, ಹಸಿರು ಸುಣ್ಣಕಟ್ಟು ಎಂಬುದೂ ಇದೆ. ರೇಷ್ಮೆ ಸೀಮೆಯಲ್ಲಿ ಈ ಶಿಲೀಂಧ್ರಗಳ ಸಿಂಪಡಣೆ ಬೇಡವೆಂಬ ಎಚ್ಚರಿಕೆ ತಜ್ಞರ ವಲಯದಲ್ಲಿ ಹಳೆಯದು. ಅದು ಅಂಗಡಿಯ ಕಟ್ಟೆಯವರೆಗೆ ಇಳಿದಿಲ್ಲ. ಪೊಟ್ಟಣದ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ 'ಹಿಪ್ಪುನೇರಳೆ ತೋಟದ ಹತ್ತಿರ ಬಳಸಬೇಡಿ' ಎಂದು ಬರೆಸುವುದು ಕೃಷಿ ಮತ್ತು ರೇಷ್ಮೆ ಇಲಾಖೆಗಳು ಸೇರಿ ನಾಳೆಯೇ ಮಾಡಬಹುದಾದ ಕೆಲಸ. 'ಜೈವಿಕ' ಎಂದ ಮಾತ್ರಕ್ಕೆ ಎಲ್ಲರಿಗೂ ಕ್ಷೇಮ ಎಂಬ ನಂಬಿಕೆ ಬೆಳೆಸುವುದು ತಪ್ಪು.

ಮಣ್ಣಿಗೆ ಸೇರಿಸುವ ವಿಧಾನದಲ್ಲಿ ಈ ಅಪಾಯ ಬಹಳ ಕಡಿಮೆ. ಬೀಜಾಣು ಮಣ್ಣೊಳಗೇ ಉಳಿಯುತ್ತದೆ. ಗೊಣ್ಣೆ ಹುಳುವಿನ ಉದಾಹರಣೆಯನ್ನು ಇಲ್ಲಿ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ಒಂದು ಎಕರೆಯ ಲೆಕ್ಕ

'ಏನೂ ಆಗಲಿಲ್ಲ' ಎನ್ನುವವರ ದೂರಿಗೆ ಬರೋಣ. ಒಂದು ಸರಳ ಲೆಕ್ಕ ಹಾಕಿ ನೋಡಿ.

ನಮ್ಮಲ್ಲಿ ನೋಂದಣಿಯಾದ ಸಾಮಾನ್ಯ ಪುಡಿ ರೂಪದ ಉತ್ಪನ್ನದಲ್ಲಿ ಒಂದು ಗ್ರಾಮಿಗೆ ಕನಿಷ್ಠ 10 ಕೋಟಿ ಜೀವಂತ ಬೀಜಾಣು ಇರಬೇಕು. ಎಕರೆಗೆ 5 ಕೆಜಿ ಹಾಕಿದಿರಿ ಎಂದುಕೊಳ್ಳೋಣ. ಒಟ್ಟು 50,000 ಕೋಟಿ ಬೀಜಾಣು. ಕೇಳಲು ಭಾರಿ ಸಂಖ್ಯೆ. ಆದರೆ ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 800 ಟನ್, ಅಂದರೆ 80 ಕೋಟಿ ಗ್ರಾಮು. ಭಾಗಿಸಿದರೆ ಒಂದು ಗ್ರಾಮು ಮಣ್ಣಿಗೆ 600 ಚಿಲ್ಲರೆ ಬೀಜಾಣು ಮಾತ್ರ. ಹುಳುವಿನ ದಪ್ಪ ಚರ್ಮ ದಾಟುವಷ್ಟು ಬೀಜಾಣುಗಳು ಅದರ ಮೈಗೆ ತಗುಲಬೇಕಾದರೆ ಇದು ತೀರಾ ತೆಳುವು. ಪ್ರಯೋಗಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಸಾಂದ್ರತೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪೊಟ್ಟಣದೊಳಗಿನ ಅರ್ಧ ಬೀಜಾಣು ಅಂಗಡಿಯ ಬಿಸಿಲಲ್ಲೇ ಸತ್ತಿದ್ದರೆ 300. ಹೊಲದ ತುಂಬ ಎರಚಿ, ಮಣ್ಣಲ್ಲಿ ಬೆರೆಸದೆ ಬಿಟ್ಟರೆ ಸೊನ್ನೆಗೇ ಹತ್ತಿರ.

ಅದೇ 5 ಕೆಜಿಯನ್ನು ಕಬ್ಬಿನ ಸಾಲಿನೊಳಗೆ, ಬೇರಿರುವ ಹತ್ತನೇ ಒಂದು ಭಾಗದ ಮಣ್ಣಿಗೆ ಮಾತ್ರ ಸೇರಿಸಿದರೆ ಸಾಂದ್ರತೆ ಹತ್ತು ಪಟ್ಟು ಏರುತ್ತದೆ. ಹೆಚ್ಚು ಖರ್ಚಿಲ್ಲ, ಹಾಕುವ ಜಾಗ ಬದಲಾಯಿತು ಅಷ್ಟೆ. ಕಬ್ಬಿಗೆ ಬೋದು ಏರಿಸುವಾಗ, ಅಡಿಕೆಗೆ ಬುಡ ಬಿಡಿಸಿ ಗೊಬ್ಬರ ಕೊಡುವಾಗ ಹಾಕಬೇಕೆನ್ನುವುದು ಈ ಕಾರಣಕ್ಕೆ.

ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಎರಡು ವಾರ ಬಿಟ್ಟು ಹಾಕಿ ಎಂಬ ಸಲಹೆ ಎಲ್ಲ ಕಡೆ ಇದೆ. ಹಾಲಿಗೆ ಹೆಪ್ಪು ಹಾಕಿದರೆ ಇಡೀ ಪಾತ್ರೆ ಮೊಸರಾಗುವ ಹಾಗೆ ಗೊಬ್ಬರದ ರಾಶಿಯೆಲ್ಲ ಶಿಲೀಂಧ್ರವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಗೊಬ್ಬರದಲ್ಲಿ ಆಗಲೇ ಅಸಂಖ್ಯ ಸೂಕ್ಷ್ಮಜೀವಿಗಳು ತುಂಬಿರುತ್ತವೆ, ಅವುಗಳ ಪೈಪೋಟಿಯಲ್ಲಿ ಇದು ಹೇಗೆ ಬೆಳೆಯುತ್ತದೆ ಎಂಬುದು ರಾಶಿಯಿಂದ ರಾಶಿಗೆ ಬೇರೆ. ಹಸಿ ಸಗಣಿಯ ತಿಪ್ಪೆ ಕೊಳೆಯುವಾಗ ಒಳಗಿನ ಬಿಸಿ 50, 60 ಡಿಗ್ರಿ ಮುಟ್ಟುತ್ತದೆ. ಅದರಲ್ಲಿ ಬೆರೆಸಿದ ಶಿಲೀಂಧ್ರ ಬೆಳೆಯುವ ಮಾತಿರಲಿ, ಬದುಕುವುದೇ ಇಲ್ಲ. ಚೆನ್ನಾಗಿ ಕಳಿತು ತಣ್ಣಗಾದ ಗೊಬ್ಬರ, ನೆರಳು, ಹಿಂಡಿದರೆ ನೀರು ಸೋರದಷ್ಟು ತೇವ ಇದ್ದರೆ ಗೊಬ್ಬರ ಒಳ್ಳೆಯ ವಾಹಕ. ಬೀಜಾಣುವಿಗೆ ಆಸರೆ, ತೇವ, ಸಮನಾಗಿ ಹರಡುವ ಅನುಕೂಲ. ಅಷ್ಟು ಲಾಭವೇ ಸಾಕಷ್ಟು ದೊಡ್ಡದು.

ತಿಪ್ಪೆಯ ಮಾತು ಬಂದದ್ದಕ್ಕೆ ಇನ್ನೊಂದು. ತಿಪ್ಪೆಯಲ್ಲಿ ಸಿಗುವ ದಪ್ಪ ಬಿಳಿ ಹುಳುಗಳಲ್ಲಿ ಹಲವು ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯವು. ಅದರ ಸಂತಾನವೆಲ್ಲ ಹುಟ್ಟಿ ಬೆಳೆಯುವುದು ತಿಪ್ಪೆಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಶತ್ರು ಹೀಗೆ ಒಂದೇ ಕಡೆ ಗುಂಪಾಗಿ ಸಿಗುವುದರಿಂದ ಶಿಲೀಂಧ್ರಕ್ಕೆ ಇದು ಹೇಳಿ ಮಾಡಿಸಿದ ಸಂದರ್ಭ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಇದಕ್ಕಾಗಿ ಮೆಟಾರೈಜಿಯಂನ ಒಂದು ಬಗೆಯನ್ನು ಅಕ್ಕಿ, ತೆಂಗಿನ ನೀರಿನಂಥ ಅಗ್ಗದ ವಸ್ತುಗಳ ಮೇಲೆ ಬೆಳೆಸುವ ವಿಧಾನ ರೂಪಿಸಿ, ಕೇರಳದ ಹಳ್ಳಿಗಳಲ್ಲಿ ಮಹಿಳಾ ಗುಂಪುಗಳಿಗೆ ಕಲಿಸಿತು. ಊರಿನ ಗೊಬ್ಬರ ಗುಂಡಿಗಳಿಗೆಲ್ಲ ಒಟ್ಟಿಗೆ ಹಾಕಿದಾಗ ಫಲ ಕಂಡಿತು. ತಿಪಟೂರು, ಅರಸೀಕೆರೆಯ ತೆಂಗಿನ ಸೀಮೆಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕಿಲ್ಲ.

ಹುಳುವಿನ ಪಂಚಾಂಗ

ಎರಡನೆಯ ಸೋಲು ಕಾಲದ್ದು. ಗೊಣ್ಣೆ ಹುಳುವಿನ ದುಂಬಿ ಮುಂಗಾರು ಪೂರ್ವದ ಮೊದಲ ಹದ ಮಳೆಗೆ ಮಣ್ಣಿನಿಂದ ಮೇಲೇಳುತ್ತದೆ. ಮುಸ್ಸಂಜೆ ಬೇವು, ಜಾಲಿ ಮರಗಳಿಗೆ ಮುತ್ತಿ ಎಲೆ ತಿಂದು, ಅಲ್ಲೇ ಕೂಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತದೆ. ಸುಮಾರು ಎರಡು ವಾರಕ್ಕೆ ಮೊಟ್ಟೆಯೊಡೆದ ಮರಿ ಮೊದಲು ಮಣ್ಣಿನ ಸಾವಯವ ಪದಾರ್ಥ, ನಾರುಬೇರು ತಿನ್ನುತ್ತ ಮೇಲ್ಮಣ್ಣಿನಲ್ಲೇ ಇರುತ್ತದೆ. ಶಿಲೀಂಧ್ರಕ್ಕೆ ಸಿಗುವುದು ಈಗ: ಚರ್ಮ ತೆಳು, ಮೈ ಸಣ್ಣದು, ಮಣ್ಣಲ್ಲಿ ತೇವ, ಮುಂದೆ ಮೂರು ತಿಂಗಳ ಮಳೆ. ರೈತನ ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ, ಕಬ್ಬು ಹಸಿರಾಗಿ ನಳನಳಿಸುತ್ತಿರುತ್ತದೆ.

ಆಗಸ್ಟ್ ದಾಟಿದ ಮೇಲೆ ಹುಳು ಮೂರನೆಯ ಹಂತಕ್ಕೆ ಬಂದು ಬೇರನ್ನು ಬುಡಸಹಿತ ಕತ್ತರಿಸುತ್ತದೆ. ಕಬ್ಬು ಒಣಗುತ್ತದೆ. ರೈತ ಅಂಗಡಿಗೆ ಓಡುತ್ತಾನೆ. ಮೆಟಾರೈಜಿಯಂ ತಂದು ಹಾಕುತ್ತಾನೆ. ಬಲಿತ ಹುಳು ಸಾಯಲು ವಾರಗಳು ಬೇಕು, ಅಷ್ಟರಲ್ಲಿ ತಿನ್ನಬೇಕಾದ್ದನ್ನೆಲ್ಲ ಅದು ತಿಂದು ಕೋಶವಾಗಲು ಆಳಕ್ಕೆ ಇಳಿದಿರುತ್ತದೆ. ಇಲ್ಲಿ ಶಿಲೀಂಧ್ರದ ತಪ್ಪೇನೂ ಇಲ್ಲ. ಹಿಂದಿನ ವರ್ಷ ಹುಳು ಬಿದ್ದ ಹೊಲದಲ್ಲಿ ಈ ವರ್ಷ ಜೂನ್‌ನಲ್ಲೇ, ಕಣ್ಣಿಗೆ ಏನೂ ಕಾಣದಿದ್ದಾಗಲೇ ಹಾಕಬೇಕು. ಕಾಣದ ಶತ್ರುವಿಗೆ ದುಡ್ಡು ಖರ್ಚು ಮಾಡಿ ಎಂದು ರೈತನಿಗೆ ಹೇಳುವುದು ಸುಲಭವಲ್ಲ, ಒಪ್ಪುತ್ತೇನೆ. ಕೃಷಿ ವಿಸ್ತರಣೆಯ ನಿಜವಾದ ಕೆಲಸ ಇರುವುದೇ ಇಂಥಲ್ಲಿ.

ಮಲೆನಾಡಿನ ಅಡಿಕೆ ಬೇರು ಹುಳುವಿನ ಕೆಲವು ಜಾತಿಗಳ ಜೀವನಚಕ್ರ ಎರಡು ವರ್ಷದ್ದು. ಎಲ್ಲ ವಯಸ್ಸಿನ ಹುಳುಗಳೂ ತೋಟದಲ್ಲಿ ಒಟ್ಟಿಗಿರುತ್ತವೆ. ಒಂದು ಸಲ ಹಾಕಿ ಮುಗಿಸಿದೆ ಎನ್ನುವ ಹಾಗಿಲ್ಲ. ಜೊತೆಗೆ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ ಮರದಿಂದ ಇಳಿದು ಬುಡದ ಮಣ್ಣಿಗೆ ಸೇರುತ್ತದೆ. ತಾಮ್ರ ಶಿಲೀಂಧ್ರನಾಶಕ, ಮೆಟಾರೈಜಿಯಂ ಶಿಲೀಂಧ್ರ. ಎರಡರ ನಡುವೆ ಅಂತರ ಬೇಡವೇ? ಟ್ರೈಕೋಡರ್ಮಾ ಎಂಬ ಇನ್ನೊಂದು ಶಿಲೀಂಧ್ರವನ್ನೂ ಮೆಟಾರೈಜಿಯಂ ಅನ್ನೂ ಒಂದೇ ಡ್ರಮ್ಮಿನಲ್ಲಿ ಕಲಸಿ ಹಾಕುವವರಿದ್ದಾರೆ. ಟ್ರೈಕೋಡರ್ಮಾ ಬೇರೆ ಶಿಲೀಂಧ್ರಗಳನ್ನು ತುಳಿದು ಬೆಳೆಯುವುದಕ್ಕೇ ಹೆಸರಾದದ್ದು. ಬೇರೆ ಬೇರೆ ದಿನ ಹಾಕುವುದು ಲೇಸು.

ಪ್ರಯೋಗಾಲಯದಲ್ಲಿ ನೂರಕ್ಕೆ ನೂರು

ಗೆದ್ದಲಿನ ಕಥೆ ಇಲ್ಲಿ ಹೇಳಬೇಕು. ಗಾಜಿನ ತಟ್ಟೆಯಲ್ಲಿ ಮೆಟಾರೈಜಿಯಂ ಗೆದ್ದಲನ್ನು ಪೂರ್ತಿ ಕೊಲ್ಲುತ್ತದೆ. ಹುತ್ತಕ್ಕೆ ಹಾಕಿದರೆ ಅನೇಕ ಸಲ ಏನೂ ಆಗುವುದಿಲ್ಲ. ಕಾರಣ, ಗೆದ್ದಲುಗಳು ಒಂದರ ಮೈಯನ್ನು ಇನ್ನೊಂದು ನೆಕ್ಕಿ ಬೀಜಾಣುಗಳನ್ನು ತೆಗೆದುಹಾಕುತ್ತವೆ, ಬೀಜಾಣು ಇರುವ ಜಾಗವನ್ನು ವಾಸನೆಯಿಂದ ಗುರುತಿಸಿ ದೂರವಿರುತ್ತವೆ, ಸತ್ತವನ್ನು ಮಣ್ಣಲ್ಲಿ ಹೂತು ಮುಚ್ಚುತ್ತವೆ. ಕೋಟ್ಯಂತರ ವರ್ಷಗಳಿಂದ ಮಣ್ಣಲ್ಲಿ ಶಿಲೀಂಧ್ರದ ಜೊತೆಗೇ ಬದುಕಿದ ಜೀವಿಗಳು ಅವು. ಆದ್ದರಿಂದ 'ಗೆದ್ದಲು, ಗೊಣ್ಣೆ ಹುಳು, ಕಾಯಿಕೊರಕ, ಹೇನು, ನುಸಿ ಎಲ್ಲಕ್ಕೂ ರಾಮಬಾಣ' ಎಂದು ಬರೆದ ಪೊಟ್ಟಣವನ್ನು ನಾನು ನಂಬುವುದಿಲ್ಲ.

ಗೆದ್ದ ಕಡೆಗಳಲ್ಲಿ ಯಾಕೆ ಗೆದ್ದಿತು ಎಂಬುದನ್ನೂ ಇದೇ ಕಣ್ಣಿನಿಂದ ನೋಡಬೇಕು. ಬ್ರೆಜಿಲ್‌ನ ಕಬ್ಬಿನಲ್ಲಿ ಇಂದು ಸುಮಾರು 20 ಲಕ್ಷ ಹೆಕ್ಟೇರಿಗೆ ಮೆಟಾರೈಜಿಯಂ ಬಳಕೆಯಾಗುತ್ತಿದೆ, ಬೇರಿನ ರಸ ಹೀರುವ ಒಂದು ನೊರೆಹುಳುವಿನ ವಿರುದ್ಧ. ಅಲ್ಲಿ ಮೊದಲು ಕಟಾವಿಗೆ ಮುಂಚೆ ಕಬ್ಬಿಗೆ ಬೆಂಕಿ ಇಡುತ್ತಿದ್ದರು. ಸುಡುವುದನ್ನು ಹಂತಹಂತವಾಗಿ ನಿಲ್ಲಿಸಿ ರವದಿಯನ್ನು, ಅಂದರೆ ಕಬ್ಬಿನ ಒಣ ಗರಿಯನ್ನು, ನೆಲದ ಮೇಲೆ ಬಿಟ್ಟಾಗ, ಆ ತೇವದ ಹೊದಿಕೆಯಡಿ ನೊರೆಹುಳು ಹೆಚ್ಚಿತು. ಅದೇ ಹೊದಿಕೆಯಡಿ ಶಿಲೀಂಧ್ರವೂ ಬದುಕಿತು. ಕಾರ್ಖಾನೆಗಳ ಸುತ್ತಮುತ್ತ ಅಕ್ಕಿಯ ಮೇಲೆ ಶಿಲೀಂಧ್ರ ಬೆಳೆಸುವ ಘಟಕಗಳು ಇದ್ದವು. ತಾಜಾ ಬೀಜಾಣು ದೂರ ಪ್ರಯಾಣವಿಲ್ಲದೆ ಹೊಲ ಸೇರಿತು.

ಸ್ವಿಟ್ಜರ್ಲೆಂಡಿನದು ಇನ್ನೊಂದು ಬಗೆ. ಅಲ್ಲಿ ಹುಲ್ಲುಗಾವಲಿನ ಬೇರು ತಿನ್ನುವ ಗೊಣ್ಣೆ ಹುಳುವಿನ ಜಾತಿಗೇ ಒಗ್ಗಿದ ಬ್ಯುವೇರಿಯಾದ ಬೇರೊಂದು ಪ್ರಭೇದವನ್ನು ಬಾರ್ಲಿ ಕಾಳಿನ ಮೇಲೆ ಬೆಳೆಸಿ, ಕಾಳನ್ನೇ ಬಿತ್ತನೆ ಯಂತ್ರದಿಂದ ಮಣ್ಣೊಳಗೆ ಇಳಿಸುತ್ತಾರೆ. ಕಾಳು ಶಿಲೀಂಧ್ರಕ್ಕೆ ಬುತ್ತಿ. ಮಣ್ಣು ಸೇರಿದ ಮೇಲೂ ಅದು ಬೆಳೆದು ಹೊಸ ಬೀಜಾಣು ಕೊಡುತ್ತದೆ. ಹುಳು ಇರುವಷ್ಟು ಕಾಲ ಶಿಲೀಂಧ್ರ ವರ್ಷಗಟ್ಟಲೆ ಉಳಿಯುತ್ತದೆ. ನಮ್ಮಲ್ಲಿ ಟಾಲ್ಕ್ ಪುಡಿಯಲ್ಲಿ ಬೆರೆಸಿ ಮಾರುವ ಬೀಜಾಣುವಿಗೆ ಈ ಬುತ್ತಿ ಇಲ್ಲ. ಮಣ್ಣಿಗೆ ಬೇಕಾದದ್ದು ಕಾಳಿನ ರೂಪ. ಜೋಳ, ಅಕ್ಕಿ ನುಚ್ಚು ನಮ್ಮಲ್ಲಿ ಧಾರಾಳವಾಗಿವೆ.

ಕರ್ನಾಟಕದ ಮಣ್ಣಲ್ಲಿ ಈ ಶಿಲೀಂಧ್ರಗಳಿಗೆ ಬರವಿಲ್ಲ. 2018ರಲ್ಲಿ ಶಿವಮೊಗ್ಗ ಭಾಗದಲ್ಲಿ ಮೊದಲು ಪತ್ತೆಯಾಗಿ ಇಡೀ ದೇಶಕ್ಕೆ ಹಬ್ಬಿದ ಮೆಕ್ಕೆಜೋಳದ ಫಾಲ್ ಸೈನಿಕ ಹುಳುವನ್ನು, ಮಳೆ ಮೋಡ ಕವಿದ ದಿನಗಳಲ್ಲಿ ಯಾರೂ ಏನೂ ಸಿಂಪಡಿಸದೆಯೇ ಮೆಟಾರೈಜಿಯಂ ರಿಲೈ ಎಂಬ ಶಿಲೀಂಧ್ರ ಕೊಂದು ಹಾಕಿದ್ದು ಹೊಲಹೊಲಗಳಲ್ಲಿ ಕಂಡಿತು. ಸುಳಿಯಲ್ಲಿ ಸೆಟೆದು ಅಂಟಿಕೊಂಡ, ಬಿಳಿ ಹಸಿರು ಪುಡಿ ಮೆತ್ತಿದ ಹುಳುಗಳು. ಹೊಸದಾಗಿ ಬಂದ ಪರದೇಶಿ ಕೀಟಕ್ಕೆ ಇಲ್ಲಿನ ಶಿಲೀಂಧ್ರ ಅಷ್ಟು ಬೇಗ ಒಗ್ಗಿತ್ತು. ಇದೇ ಶಿಲೀಂಧ್ರವನ್ನು ಶೇಂಗಾ, ಸೋಯಾ ಅವರೆಯ ಎಲೆ ತಿನ್ನುವ ಹುಳುಗಳ ಮೇಲೆ ಧಾರವಾಡ ಕೃಷಿ ವಿಶ್ವವಿದ್ಯಾಲಯ ಅದಕ್ಕೂ ಬಹಳ ಮುಂಚಿನಿಂದ ಅಭ್ಯಾಸ ಮಾಡುತ್ತ ಬಂದಿದೆ. ಬೆಂಗಳೂರಿನಲ್ಲೇ ಇರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಲ್ಲಿ ಇಂಥ ಶಿಲೀಂಧ್ರಗಳ ಸಂಗ್ರಹವಿದೆ. ಜ್ಞಾನವೂ ತಳಿಯೂ ನಮ್ಮ ಮನೆಯಂಗಳದಲ್ಲೇ ಇವೆ.

ಪೊಟ್ಟಣದೊಳಗೆ ಜೀವ ಇದೆಯೇ?

ಕೊರತೆ ಇರುವುದು ನಡುವಿನ ದಾರಿಯಲ್ಲಿ. 1968ರ ಕೀಟನಾಶಕ ಕಾಯ್ದೆಯಡಿ ಈ ಶಿಲೀಂಧ್ರಗಳೂ ನೋಂದಣಿಯಾಗಬೇಕು. ಬೀಜಾಣುಗಳ ಸಂಖ್ಯೆ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ ಎಲ್ಲ ಲೇಬಲ್ ಮೇಲೆ ಇರಬೇಕು. ಆದರೆ ಲೇಬಲ್ ಹೇಳುವುದು ಕಾರ್ಖಾನೆಯಿಂದ ಹೊರಟ ದಿನದ ಕಥೆ. ತಗಡು ಛಾವಣಿಯ ಗೋದಾಮು, ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು, ಲಾರಿಯ ಹಿಂಬದಿ. ಹಾಲಿನ ಪೊಟ್ಟಣಕ್ಕೆ ತಣ್ಣನೆಯ ಸಾಗಣೆ ಬೇಕೆಂದು ಎಲ್ಲರೂ ಒಪ್ಪುತ್ತಾರೆ, ಇದಕ್ಕೆ ಯಾರೂ ಕೇಳುವುದಿಲ್ಲ. ಸತ್ತ ಶಿಲೀಂಧ್ರದ ಪುಡಿಗೂ ಬದುಕಿದ್ದಕ್ಕೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಇದರ ಮೇಲೆ, ನೋಂದಣಿಯೇ ಇಲ್ಲದೆ 'ಜೈವಿಕ' ಹೆಸರಲ್ಲಿ ಬರುವ ಬಾಟಲಿಗಳು ಬೇರೆ. ರಾತ್ರಿ ಹೊಡೆದು ಬೆಳಿಗ್ಗೆ ಎದ್ದರೆ ಹುಳು ಸತ್ತಿದ್ದರೆ ಅನುಮಾನ ಪಡಿ. ಯಾವ ಶಿಲೀಂಧ್ರವೂ ಅಷ್ಟು ಬೇಗ ಕೊಲ್ಲುವುದಿಲ್ಲ, ಅದರಲ್ಲಿ ರಾಸಾಯನಿಕ ಬೆರೆತಿರುವ ಸಾಧ್ಯತೆ ಹೆಚ್ಚು.

ರೈತ ತಾನೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮಣ್ಣಿನ ಶಿಲೀಂಧ್ರ ಹುಡುಕಲು ವಿಜ್ಞಾನಿಗಳು ಜೇನುಗೂಡಿನ ಮೇಣ ತಿನ್ನುವ ಪತಂಗದ ಮರಿಗಳನ್ನು ತೇವದ ಮಣ್ಣಿನ ಡಬ್ಬಿಯಲ್ಲಿ ಬಿಡುತ್ತಾರೆ. ಮಣ್ಣಲ್ಲಿ ಶಿಲೀಂಧ್ರ ಇದ್ದರೆ ಎರಡು ಮೂರು ವಾರದೊಳಗೆ ಅವು ಬೂಷ್ಟು ಹಿಡಿದು ಸಾಯುತ್ತವೆ. ಅದನ್ನೇ ಹೊಲದ ಗೊಣ್ಣೆ ಹುಳುಗಳಿಂದ ಮಾಡಬಹುದು. ಎರಡು ಡಬ್ಬಿ, ಎರಡರಲ್ಲೂ ತೇವದ ಮಣ್ಣು, ಹತ್ತತ್ತು ಎಳೆಯ ಹುಳು, ತಿನ್ನಲು ಕ್ಯಾರೆಟ್ ಚೂರು. ಒಂದಕ್ಕೆ ಮಾತ್ರ ಪೊಟ್ಟಣದ ಪುಡಿ ಚೆನ್ನಾಗಿ ಬೆರೆಸಿ. ಮುಚ್ಚಳದಲ್ಲಿ ತೂತು ಮಾಡಿ ನೆರಳಲ್ಲಿಡಿ. ತಿಂಗಳೊಳಗೆ ಪುಡಿ ಹಾಕಿದ ಡಬ್ಬಿಯಲ್ಲಿ ಹಸಿರು ಹುಳು ಕಾಣದಿದ್ದರೆ ಆ ಕಂಪನಿಯ ಮಾಲು ಮತ್ತೆ ಕೊಳ್ಳಬೇಡಿ. ಪುಡಿ ಕೈಯಾಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ವಿಷವಲ್ಲದಿದ್ದರೂ ಬೀಜಾಣುವಿನ ಧೂಳು ಕೆಲವರಿಗೆ ಅಲರ್ಜಿ ತರಿಸುತ್ತದೆ.

ಆದರೆ ಇಷ್ಟೆಲ್ಲ ಹೊರೆಯನ್ನು ರೈತನ ತಲೆಗೇ ಕಟ್ಟುವುದು ಸರಿಯಲ್ಲ. ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಅಭಿವೃದ್ಧಿ ವಿಭಾಗಗಳಿವೆ, ತಮ್ಮ ವ್ಯಾಪ್ತಿಯ ಹೊಲಗಳ ಪಟ್ಟಿ ಇದೆ, ಹಿಂದಿನ ವರ್ಷ ಎಲ್ಲಿ ಹುಳು ಬಿದ್ದಿತ್ತು ಎಂಬುದೂ ಗೊತ್ತಿದೆ. ಅಡಿಕೆ ಸೀಮೆಯಲ್ಲಿ ಗಟ್ಟಿಯಾದ ಸಹಕಾರ ಸಂಘಗಳಿವೆ. ಜೋಳದ ನುಚ್ಚಿನ ಮೇಲೆ ಶಿಲೀಂಧ್ರ ಬೆಳೆಸುವ ಒಂದು ಸಣ್ಣ ಘಟಕ, ಕೃಷಿ ವಿಶ್ವವಿದ್ಯಾಲಯದಿಂದ ಪ್ರತಿ ವರ್ಷ ತಾಜಾ ಮೂಲ ತಳಿ, ಬೀಜಾಣು ಎಣಿಸಲು ಬಲ್ಲ ಒಬ್ಬ ಸಿಬ್ಬಂದಿ ಇದ್ದರೆ ಮೇ ತಿಂಗಳಲ್ಲಿ ಬೆಳೆಸಿದ್ದು ಜೂನ್‌ನಲ್ಲಿ ಹೊಲ ಸೇರುತ್ತದೆ. ಊರೊಟ್ಟಿನ ಕೆಲಸವಾದರೆ ಮಾತ್ರ ಇದು ಫಲಿಸುತ್ತದೆ. ದುಂಬಿಗೆ ರೆಕ್ಕೆ ಇದೆ, ಪಕ್ಕದ ಹೊಲದಿಂದ ಹಾರಿಬರುತ್ತದೆ. ಮೊದಲ ಮಳೆಯ ನಾಲ್ಕಾರು ಸಂಜೆ ಬೇವಿನ ಕೊಂಬೆ ಅಲುಗಿಸಿ ದುಂಬಿ ಉದುರಿಸಿ ಆರಿಸಿ ಕೊಲ್ಲುವ ಹಳೆಯ ರೂಢಿಯನ್ನು ಊರವರೆಲ್ಲ ಸೇರಿ ಮಾಡಿ, ಜೂನ್‌ನಲ್ಲಿ ಸಾಲಿಗೆ ಶಿಲೀಂಧ್ರ ಕೊಟ್ಟು, ಕಟಾವಾದ ಮೇಲೆ ರವದಿಗೆ ಬೆಂಕಿ ಇಡದೆ ಸಾಲಿನ ನಡುವೆ ಹರಡಿದರೆ ಶಿಲೀಂಧ್ರಕ್ಕೆ ಬದುಕಲು ತೇವ ಉಳಿಯುತ್ತದೆ. ಪ್ರತಿ ವರ್ಷ ರವದಿ ಸುಡುವ ಹೊಲಕ್ಕೆ ಪ್ರತಿ ವರ್ಷ ಪೊಟ್ಟಣ ಕೊಳ್ಳಬೇಕಾಗುತ್ತದೆ.

ಕೃಷಿ ಇಲಾಖೆಯಿಂದ ನಾನು ಬಯಸುವುದು ಎರಡು. ರೈತ ಸಂಪರ್ಕ ಕೇಂದ್ರಗಳಲ್ಲೂ ಅಂಗಡಿಗಳಲ್ಲೂ ಸಿಗುವ ಜೈವಿಕ ಪೊಟ್ಟಣಗಳ ಮಾದರಿಗಳನ್ನು ಮುಂಗಾರಿಗೆ ಮುಂಚೆ ಪರೀಕ್ಷಿಸಿ, ಯಾವುದರಲ್ಲಿ ಎಷ್ಟು ಜೀವಂತ ಬೀಜಾಣು ಸಿಕ್ಕಿತು ಎಂಬುದನ್ನು ಕಂಪನಿಯ ಹೆಸರಿನ ಸಮೇತ ಕನ್ನಡದಲ್ಲಿ ಪ್ರಕಟಿಸಲಿ. ಮತ್ತು ಎಷ್ಟು ಟನ್ ಶಿಲೀಂಧ್ರ ಹಂಚಿದೆವು ಎಂಬ ವರದಿಯ ಜೊತೆಗೆ, ಅಕ್ಟೋಬರಿನಲ್ಲಿ ಅದೇ ಹೊಲಗಳನ್ನು ಅಗೆದು ಚದರ ಮೀಟರಿಗೆ ಎಷ್ಟು ಹುಳು ಬದುಕಿವೆ, ಎಷ್ಟು ಹಸಿರಾಗಿ ಸತ್ತಿವೆ ಎಂಬ ಎಣಿಕೆಯನ್ನೂ ಕೊಡಲಿ.